ಮೇಯಲು ಬಿಟ್ಟ ಫೋನು

“ಅವ್ರಿಲ್ಲ ಕಣ್ರೀ! ಫೋನ್ ಮಾತ್ರ ಮೇಯಕ್ಕೆ ಬಂದೈತೆ. ಅವ್ರು ತೋಟದಲ್ಲವ್ರೆ. ಸಂಜೆ ಮ್ಯಾಲೆ ಮಾಡಿ!”

ಅಷ್ಟು ಕೂಗಿ ತಾಯಮ್ಮ ಆ ಫೋನನ್ನು ಮೊರಕ್ಕೆ ವಾಪಸ್ ಇಟ್ಟು, ಬಾಣಲೆಯ ಕಡೆ ತಿರುಗಿದಳು. ಮೊರದ ತುಂಬ ಫೋನುಗಳು ಒಣಹಾಕಿದ ಕಾಳುಮೆಣಸಿನಂತೆ ಹರಡಿಕೊಂಡಿದ್ದವು. ಒಂದು ಗುಂಯ್ ಎಂದರೆ ಇನ್ನೊಂದು ಟಿಣ್ ಎನ್ನುತ್ತಿತ್ತು. ಮತ್ತೊಂದರೊಳಗಿಂದ ಯಾರದೋ ಮದುವೆಯ ಓಲಗ ಕೇಳುತ್ತಿತ್ತು.

ಚಹಾದಂಗಡಿಯ ಬೆಂಚಿನ ಮೇಲೆ ಕೂತ ದ್ರಾಕ್ಷಾಯಣಿ ಈ ವೈಭವವನ್ನು ಕಣ್ತುಂಬ ನೋಡಿದಳು. ರೈಲ್ವೆಯಲ್ಲಿ ಟಿಕೆಟ್ ತಪಾಸಣೆ ಮಾಡಿ ನಿವೃತ್ತಳಾದ ಹೆಂಗಸು ಅವಳು. ಘಾಟಿ ಹತ್ತುವ ಗಾಡಿಯಲ್ಲಿ ಸೀಟಿನಡಿ ಮಲಗಿದವರನ್ನೂ, ಕಕ್ಕಸಿನಲ್ಲಿ ಚಿಲಕ ಹಾಕಿಕೊಂಡವರನ್ನೂ ಕೈಹಿಡಿದು ಹೊರಗೆ ತಂದವಳು. ಸಕಲೇಶಪುರದಲ್ಲಿ ಈಗ ಯಾರ ಮನೆಯಲ್ಲಿ ಏನು ಕಳುವಾದರೂ ಜನ ಮೊದಲು ಬರುವುದು ಸ್ಟೇಷನ್ ರಸ್ತೆಯ ಅವಳ ಮನೆಗೇ. ಅಂಥವಳೂ ಫೋನು ಮೇಯಿಸುವ ಕಸುಬನ್ನು ನೋಡಿದ್ದು ಇದೇ ಮೊದಲು.

“ವನಗೂರು ದಾಟಿದ್ರೆ ನಮ್ಮೂರ ಕಡೆ ಟವರ್ರೇ ಇಲ್ವಲ್ಲ ಟಿಟಿ ಅಮ್ಮ,” ಎಂದ ಜೀಪಿನ ಡ್ರೈವರ್ ಧರ್ಮ, ಖಾಲಿ ಚೀಲ ಕೊಡವುತ್ತ. “ಬೆಳಿಗ್ಗೆ ಎಲ್ರ ಫೋನೂ ಈ ಚೀಲಕ್ಕೆ ತುಂಬ್ಕಂಡು ಬತ್ತೀನಿ. ಈ ಗಾಳಿಗುಡ್ಡದ ತಿರುವಲ್ಲಿ ಸಿಗ್ನಲ್ ಅನ್ನೋದು ಹುಲ್ಲು ಬೆಳ್ದಂಗೆ ಬೆಳ್ದೈತೆ. ತಾಯಮ್ಮಕ್ಕ ಮೇಯಿಸ್ತಾಳೆ. ಮಧ್ಯಾಹ್ನ ಹೊಟ್ಟೆ ತುಂಬ್ಕಂಡು ಎಲ್ಲಾ ವಾಪಸ್ ಕೊಟ್ಟಿಗೆಗೆ.”

“ಒಂದಕ್ಕೂ ಲಾಕ್ ಇಲ್ವಲ್ಲೋ!”

“ಮೇಯಕ್ಕೆ ಬುಟ್ಟ ದನದ ಬಾಯಿಗೆ ಕುಕ್ಕೆ ಕಟ್ತಾರಾ ಅಮ್ಮಾರೇ?” ಎಂದಳು ತಾಯಮ್ಮ ಬಾಣಲೆಯಿಂದ ಕಣ್ಣು ತೆಗೆಯದೆ. “ಮೆಸೇಜ್ ನಿಂತೋಗಿದ್ರೆ ನಾನೇ ಒತ್ತಿ ಕಳಿಸ್ಬೇಕಲ್ಲ. ಲಾಕ್ ಹಾಕಿರೋ ಫೋನು ಉಪವಾಸ ವಾಪಸ್ ಹೋಯ್ತದೆ.”

ದ್ರಾಕ್ಷಾಯಣಿ ಪಕ್ಕದಲ್ಲಿದ್ದ, ಧರ್ಮನ ಊರಿನವಳೇ ಆದ ನವ್ಯಶ್ರೀಯ ಮುಖ ನೋಡಿದಳು. ಹುಡುಗಿ ಲ್ಯಾಪ್‌ಟಾಪನ್ನು ಎದೆಗೆ ಅವಚಿಕೊಂಡು ಕೂತಿದ್ದಳು. ವಿಷಯ ಇಷ್ಟೇ: ಅವಳು ಒಂದು ಸಮ್ಮೇಳನದ ವೆಬ್‌ಸೈಟಿಗೆ ಹಾಕಿದ್ದ ತನ್ನ ಸಂಶೋಧನೆಯ ಸಾರಾಂಶವನ್ನು ಸೋಮವಾರ ಯಾರೋ ಅವಳದೇ ಖಾತೆಗೆ ನುಗ್ಗಿ ಹಿಂತೆಗೆದುಬಿಟ್ಟಿದ್ದರು, ಮತ್ತು ಇವತ್ತು ಸಂಜೆ ಆ ವೆಬ್‌ಸೈಟಿನ ಬಾಗಿಲು ಮುಚ್ಚುತ್ತದೆ.

ಮುಚ್ಚಿದರೆ ಇನ್ನೆರಡು ವರ್ಷ ತೆರೆಯುವುದಿಲ್ಲ. ಅಷ್ಟರಲ್ಲಿ ನವ್ಯಶ್ರೀಯ ಪಿಎಚ್‌ಡಿ ಅವಧಿಯೇ ಮುಗಿದಿರುತ್ತದೆ. ಸಮ್ಮೇಳನದಲ್ಲಿ ಒಂದು ಸಲ ಮಂಡಿಸದೆ ಪ್ರಬಂಧ ಕೊಡುವ ಹಾಗಿಲ್ಲ ಎಂದು ಅವಳ ವಿಶ್ವವಿದ್ಯಾಲಯದ ಕಟ್ಟಪ್ಪಣೆ. ಮೂರು ವರ್ಷ ಕಾಫಿ ಹೂವಿನ ಕಾಲದಲ್ಲಿ, ವನಗೂರಿನ ತೋಟಗಳಿಂದ ಹಿಡಿದು ದೋಣಿಗಲ್ಲಿನ ರೈಲು ಹಳಿಯ ಪಕ್ಕದ ಕಾಡಿನವರೆಗೆ, ಕುಟುಕಲಾರದ ಪುಟಾಣಿ ನಸರಿ ಜೇನಿನ ಹಿಂದೆ ಅಲೆದಿದ್ದಳು. ಯಾವ ಮರದ ಪೊಟರೆಯಲ್ಲಿ ಗೂಡು, ಅಲ್ಲಿಂದ ಎಷ್ಟು ದೂರದ ಹೂವಿಗೆ ಹಾರಾಟ, ಎಲ್ಲ ಗುರುತು ಹಾಕಿದ್ದಳು. ಅದಷ್ಟೂ ನೀರಲ್ಲಿ ಹೋಮ ಆಗುವುದರಲ್ಲಿತ್ತು.

“ತಾಯಮ್ಮ, ಇಲ್ಲಿ ಬಾ. ಕೂತ್ಕೋ,” ಎಂದಳು ದ್ರಾಕ್ಷಾಯಣಿ.

“ಬೋಂಡ ಸೀದೋಯ್ತದೆ ಅಮ್ಮಾರೇ.”

“ಸೀಯಲಿ. ಈ ಹುಡುಗಿ ಬದುಕು ಸೀತಾ ಇದೆ.”

ತಾಯಮ್ಮ ಒಲೆ ತಗ್ಗಿಸಿ, ಸೆರಗಿಗೆ ಕೈ ಒರೆಸಿಕೊಂಡು ಬಂದು ಕೂತಳು.

ಬರುವ ದಾರಿಯಲ್ಲಿ ಜೀಪಿನಲ್ಲಿ ಕುಲುಕಾಡುತ್ತಲೇ ದ್ರಾಕ್ಷಾಯಣಿ ಎಲ್ಲ ಯೋಚಿಸಿ ಮುಗಿಸಿದ್ದಳು. ಕಳ್ಳನಿಗೆ ಎರಡು ಬೀಗದ ಕೈ ಬೇಕಿತ್ತು. ಒಂದು ನವ್ಯಶ್ರೀಯ ಪಾಸ್‌ವರ್ಡು. ಇನ್ನೊಂದು, ಹಿಂತೆಗೆಯುವಾಗ ಅವಳ ಫೋನಿಗೆ ಬರುವ ನಾಲ್ಕಂಕಿಯ ಒಟಿಪಿ.

ಪಾಸ್‌ವರ್ಡು ಎಲ್ಲಿ ಸಿಕ್ಕಿತು ಎಂಬುದು ನಾಚಿಕೆಗೇಡಿನ ಸಂಗತಿ. ಸಿಕ್ಕಿದ್ದು ದ್ರಾಕ್ಷಾಯಣಿಯ ಮನೆಯಲ್ಲೇ. ಊರಲ್ಲಿ ನೆಟ್‌ವರ್ಕ್ ಇಲ್ಲವೆಂದು ಹುಡುಗಿ ಅದರ ಹಿಂದಿನ ದಿನ, ಭಾನುವಾರ, ಅವಳ ಮನೆಗೆ ಬಂದು, ನಡುಮನೆಯ ಕಂಪ್ಯೂಟರಿನಲ್ಲಿ ಸಾರಾಂಶ ಬರೆದು ಕಳಿಸಿದ್ದಳು. ಆ ಹಳೇ ಕಂಪ್ಯೂಟರು ಒಮ್ಮೆ ಹಾಕಿದ ಪಾಸ್‌ವರ್ಡನ್ನು ಮರೆಯುವುದೇ ಇಲ್ಲ. ಅಂದು ಮನೆಗೆ ಬಂದವರು ಇಬ್ಬರು. ಸಾರಾಂಶ ತಿದ್ದಲು ಬಂದ ನವ್ಯಶ್ರೀಯ ಗೈಡು ಯೋಗಾನಂದ ಮೇಷ್ಟ್ರು. ಅವಳನ್ನು ಬಿಟ್ಟು, ಮತ್ತೆ ಕರೆದೊಯ್ಯಲು ಬಂದ ಇದೇ ಧರ್ಮ. ತನ್ನ ಮೇಲೂ ಅನುಮಾನವಿದೆ ಎಂದು ಧರ್ಮನಿಗೆ ಗೊತ್ತಿರಲಿಲ್ಲ, ಪಾಪ, ಮೂರನೇ ಬೋಂಡಕ್ಕೆ ಕೈ ಹಾಕಿದ್ದ.

“ಸೋಮವಾರ ಈ ಫೋನಿಗೆ ಯಾರಾದ್ರೂ ಕರೆ ಮಾಡಿದ್ರಾ?” ದ್ರಾಕ್ಷಾಯಣಿ ನವ್ಯಶ್ರೀಯ ಹಸಿರು ಕವರಿನ ಫೋನನ್ನು ಎತ್ತಿ ತೋರಿಸಿದಳು.

“ಮಾಡಿದ್ರಲ್ಲ. ಇವ್ರ ಮೇಷ್ಟ್ರು.”

ನವ್ಯಶ್ರೀ ಬೆಚ್ಚಿದಳು. ಧರ್ಮ ಅಗಿಯುವುದನ್ನು ನಿಲ್ಲಿಸಿದ.

“ಏನಂದ್ರು?”

“ನಾನು ಕಾಲೇಜಿನ ಯೋಗಾನಂದ, ಈ ಫೋನಿಗೆ ಈಗೊಂದು ನಂಬರ್ ಬಂದಿರ್ತದೆ, ಓದಮ್ಮ ಅಂದ್ರು. ಓದ್ದೆ.”

“ಓದೇಬಿಟ್ಯಾ!”

“ಅಯ್ಯೋ, ಓದ್ದೆ ಇನ್ನೇನು ಮಾಡನ? ಗ್ಯಾಸ್ ತರೋರೂ ಹಂಗೇ ಕೇಳ್ತಾರೆ. ನಂಬರ್ ಹೇಳ್ದಿದ್ರೆ ಸಿಲಿಂಡರ್ ಇಳ್ಸಾಕಿಲ್ಲ. ಕೊರಿಯರ್‌ನೋರು ಕೇಳ್ತಾರೆ, ರೇಷನ್‌ನೋರು ಕೇಳ್ತಾರೆ. ದಿನಾ ಊರೋರ ನಂಬರೆಲ್ಲ ಓದೋದು ನಾನೇ.” ತಾಯಮ್ಮ ಒಬ್ಬೊಬ್ಬರ ಮುಖವನ್ನೂ ನೋಡಿದಳು. “ತಪ್ಪಾಯ್ತಾ?”

ನವ್ಯಶ್ರೀ ತಲೆ ತಗ್ಗಿಸಿದಳು. ತಾಯಮ್ಮನಿಗೆ ಅರ್ಥವಾಯಿತು. ಪಟಪಟನೆ ಕೆನ್ನೆ ಬಡಿದುಕೊಳ್ಳತೊಡಗಿದಳು. “ಅಯ್ಯೋ ನನ್ ಬಾಯಿಗಿಷ್ಟು ಮಣ್ಣಾಕ! ಮಗೀನ ಓದು ನಾನೇ ಹಾಳು ಮಾಡ್ಬುಟ್ನಾ!”

ನವ್ಯಶ್ರೀ ಎದ್ದು ಅವಳ ಕೈ ಹಿಡಿದುಕೊಂಡಳು. “ಬಿಡಿ ತಾಯಮ್ಮಕ್ಕ. ಲಾಕ್ ತೆಗೆದು ಚೀಲಕ್ಕೆ ಹಾಕಿದ್ದು ನಾನೇ ಅಲ್ವಾ?”

ಮೇಷ್ಟ್ರು ಎಂದಿದ್ದವನ ನಂಬರ್ ಫೋನಿನಲ್ಲಿ ಹಾಗೇ ಇತ್ತು. ಯಾರ ಪರಿಚಯದ ನಂಬರೂ ಅದಲ್ಲ. ದ್ರಾಕ್ಷಾಯಣಿ ತನ್ನ ಫೋನಿನಿಂದ ಕರೆ ಮಾಡಿ ನೋಡಿದಳು. ಸ್ವಿಚ್ ಆಫ್.

“ಮೇಷ್ಟ್ರೇ ಅಂತ ನಂಗೆ ಮೊದ್ಲೇ ಅನ್ನಿಸ್ತು,” ಎಂದು ಶುರುಮಾಡಿದ ಧರ್ಮ. “ಆ ಮನುಷ್ಯ ನನ್ ಜೀಪಲ್ಲಿ ಕೂತ್ರೆ ಕಣ್ ಮುಚ್ಕಂಡೇ ಇರ್ತಾರೆ. ಮನಸಲ್ಲಿ ಏನೋ ಇಲ್ದಿದ್ರೆ…”

“ನೀನು ಓಡ್ಸೋದು ನೋಡಿದ್ರೆ ನಾನೂ ಕಣ್ಣು ಮುಚ್ಕೋತೀನಿ ಕಣೋ. ಬೋಂಡ ತಿನ್ನು,” ಎಂದಳು ದ್ರಾಕ್ಷಾಯಣಿ. ಕೇಳದೇ ಮಾತಾಡುವವರ ಮೇಲೆ ಅವಳು ಸರ್ವೀಸಿನುದ್ದಕ್ಕೂ ಒಂದು ಕಣ್ಣಿಟ್ಟೇ ಬಂದಿದ್ದಳು.

ಅಷ್ಟರಲ್ಲಿ ಕೆಳಗಿನ ತಿರುವಿನಲ್ಲಿ ಆಟೋ ಒಂದು ಕೆಮ್ಮುತ್ತ ಹತ್ತಿ ಬಂತು. ಅದರಿಂದ ಇಳಿದವರು, ಹೇಳಿ ಕಳಿಸಿದ ಹಾಗೆ, ಪಾಳ್ಯದ ಯೋಗಾನಂದ ಮೇಷ್ಟ್ರೇ. ಇಸ್ತ್ರಿ ಕೆಡದ ಅಂಗಿ, ಕೈಯಲ್ಲಿ ಫೈಲು, ಮುಖದಲ್ಲಿ ಗಡಿಬಿಡಿ.

“ನವ್ಯಶ್ರೀ, ಏನಮ್ಮ ಇದು? ಸಮಯ ಎಷ್ಟಾಯಿತು ನೋಡಿದೆಯಾ? ಇನ್ನೂ ಸಲ್ಲಿಸಿಲ್ಲವೇ?”

“ಸಲ್ಲಿಸ್ತೀವಿ ಸಾರ್. ಮೊದ್ಲು ನೀವು ಕೂತ್ಕೊಳ್ಳಿ,” ದ್ರಾಕ್ಷಾಯಣಿ ಬೆಂಚಿನಲ್ಲಿ ಜಾಗ ಮಾಡಿದಳು. “ಸೋಮವಾರ ಬೆಳಿಗ್ಗೆ ಎಲ್ಲಿದ್ರಿ?”

“ಸೋಮವಾರವೇ? ಏಕೆ?”

“ನಿಮ್ಮ ಹೆಸರು ಹೇಳ್ಕೊಂಡು ಯಾರೋ ಈ ಫೋನಿಗೆ ಕರೆ ಮಾಡಿ, ಒಟಿಪಿ ಕೇಳಿ, ಇವಳ ಸಾರಾಂಶ ತೆಗೆದು ಹಾಕಿದ್ದಾರೆ.”

ಮೇಷ್ಟ್ರ ಮುಖ ಕೆಂಪಾಯಿತು. “ನನ್ನ ಹೆಸರಿನಲ್ಲಿ! ಮೇಡಂ, ಇದು ಮಾನನಷ್ಟ! ನನ್ನ ವಿದ್ಯಾರ್ಥಿನಿಯ ಸಾರಾಂಶವನ್ನು ನಾನೇಕೆ ತೆಗೆಯಲಿ?”

“ಹೆಸರಿನ ಜಗಳ ಇತ್ತಲ್ಲ. ನಮ್ಮ ನಡುಮನೆಯಲ್ಲೇ ಆಯ್ತು, ನಾನೂ ಕೇಳಿಸ್ಕೊಂಡೆ. ನಿಮ್ಮ ಹೆಸರು ಮೊದಲು ಬರಬೇಕು ಅಂದ್ರಿ.”

“ಅಂದೆ. ಗೈಡ್ ಹೆಸರನ್ನು ಮೊದಲು ಹಾಕುವುದು ನಮ್ಮಲ್ಲಿ ವಾಡಿಕೆ. ಆದರೆ ಈ ಹುಡುಗಿ, ಸಾರ್, ಮರ ಹತ್ತಿದ್ದು ನಾನು, ನೀವು ಏಣಿಯನ್ನೂ ಹಿಡೀಲಿಲ್ಲ ಅಂದುಬಿಟ್ಟಳು.” ಮೇಷ್ಟ್ರು ಕನ್ನಡಕ ತೆಗೆದು ಒರೆಸಿಕೊಂಡರು. “ನಿಜವೇ ತಾನೆ? ನಾನು ಹಿಡಿದಿರಲಿಲ್ಲ. ಮಾತು ಅಲ್ಲಿಗೇ ಮುಗಿಯಿತು.”

“ಸರಿ. ಸೋಮವಾರ?”

“ಅದು ವೈಯಕ್ತಿಕ.”

“ಕಾಲೇಜಿಗೆ ರಜೆ ಹಾಕಿದ್ರಂತೆ.”

“ಹಾಕಿದ್ದೆ. ವೈಯಕ್ತಿಕ ಅಂದೆನಲ್ಲ!”

“ಮನೇಲಿ ಕಾಲೇಜಿಗೆ ಹೋಗ್ತೀನಿ ಅಂದಿದ್ರಂತೆ.”

ಇದನ್ನು ದ್ರಾಕ್ಷಾಯಣಿ ಸುಮ್ಮನೆ ಕತ್ತಲಲ್ಲಿ ಕಲ್ಲು ಹೊಡೆದಂತೆ ಹೊಡೆದದ್ದು. ತಗಲಿತು. ಮೇಷ್ಟ್ರ ಹೆಗಲು ಇಳಿದು ಹೋಯಿತು. ಒಮ್ಮೆ ರಸ್ತೆ ನೋಡಿದರು, ಒಮ್ಮೆ ಧರ್ಮನ ಜೀಪನ್ನು ನೋಡಿದರು.

“ಡ್ರೈವಿಂಗ್ ಟೆಸ್ಟಿಗೆ ಹೋಗಿದ್ದೆ,” ಎಂದರು ಸಣ್ಣ ದನಿಯಲ್ಲಿ. “ಫೇಲಾದೆ. ಮೂರನೇ ಸಲ. ನನ್ನ ಹೆಂಡತಿಗೆ ಹೇಳಬೇಡಿ, ಅವಳು ಮೊದಲ ಸಲಕ್ಕೇ ಪಾಸಾಗಿದ್ದಾಳೆ.”

ಧರ್ಮ ಎದ್ದು ನಿಂತೇಬಿಟ್ಟ. “ಬಿಳೀ ಕಾರು? ಹಿಂದಕ್ಕೆ ಬತ್ತಾ ಬತ್ತಾ ಕಂಬಕ್ಕೆ ಮುತ್ತು ಕೊಟ್ಟಿದ್ದು? ಅದು ನೀವಾ ಸಾರ್! ನಮ್ ಜೀಪ್ ಸ್ಟ್ಯಾಂಡಲ್ಲಿ ಆವತ್ತಿಡೀ ಅದೇ ಮಾತು. ಯಾರೋ ಮೇಷ್ಟ್ರಂತೆ, ಕಂಬಕ್ಕೇ ಸಾರಿ ಕೇಳಿದ್ರಂತೆ ಅಂತ!”

ನವ್ಯಶ್ರೀ ಬಾಯಿ ಮುಚ್ಚಿಕೊಂಡಳು. ತಡೆಯಲಾಗಲಿಲ್ಲ. ಮೊದಲು ಅವಳು ನಕ್ಕಳು, ಆಮೇಲೆ ತಾಯಮ್ಮ, ಕೊನೆಗೆ ಮೇಷ್ಟ್ರೂ. ಮೂರು ದಿನದಿಂದ ಅಳುಮುಖ ಮಾಡಿಕೊಂಡಿದ್ದ ಹುಡುಗಿ ಹೊಟ್ಟೆ ಹಿಡಿದುಕೊಂಡು ನಗುವುದನ್ನು ಕಂಡು ದ್ರಾಕ್ಷಾಯಣಿಗೆ ಎಷ್ಟು ಹಿತವಾಯಿತೆಂದರೆ, ಕಂಬಕ್ಕೆ ಗುದ್ದಿದವನಿಗೆ ಗುದ್ದಿದ ಮೇಲೆ ಫೋನ್ ಮಾಡಲು ಏನಡ್ಡಿ ಎಂಬ ಪ್ರಶ್ನೆಯನ್ನು ಸದ್ಯಕ್ಕೆ ನುಂಗಿಕೊಂಡಳು.

“ಸಾರಿ ಆಮೇಲೆ. ಈಗ ಸಲ್ಲಿಸೋಣ ನಡೀರಿ,” ಎಂದಳು.

ಲ್ಯಾಪ್‌ಟಾಪ್ ಬೆಂಚಿನ ಮೇಲೆ ಬಂತು. ತಾಯಮ್ಮ ಚಹಾದ ಲೋಟಗಳನ್ನು ದೂರ ಸರಿಸಿ, ಬೆಂಚನ್ನು ಪೂಜೆಗೆ ಒರೆಸುವ ಹಾಗೆ ಒರೆಸಿದಳು. ನವ್ಯಶ್ರೀ ತನ್ನ ಫೋನಿನ ಹಾಟ್‌ಸ್ಪಾಟ್ ತೆರೆದಳು. ವೆಬ್‌ಸೈಟು ನಿಧಾನವಾಗಿ ಕಣ್ಣು ಬಿಟ್ಟಿತು.

ಶೀರ್ಷಿಕೆ ಹಾಕಿದಳು. ಲೇಖಕರ ಹೆಸರು ಹಾಕಿ, ಮಂಡಿಸುವವರು ಯಾರೆಂದು ಗುರುತು ಮಾಡಿದಳು. ವಿಭಾಗ ಆರಿಸಿದಳು. ಭಾಷಣವೋ, ಭಿತ್ತಿಚಿತ್ರವೋ ಎಂದು ಕೇಳಿದಾಗ ಅವಳ ಬೆರಳು ತಡೆಯಿತು.

“ಭಾಷಣ ಹಾಕು,” ಎಂದರು ಮೇಷ್ಟ್ರು. “ಗೋಡೆಗೆ ಅಂಟಿಸಿ ಮೂಲೆಯಲ್ಲಿ ನಿಲ್ಲುವ ಕೆಲಸವಲ್ಲ ಇದು.”

ಆಮೇಲೆ ಸಾರಾಂಶವನ್ನು ಅಂಟಿಸಿದಳು. ತಕ್ಷಣ ಕೆಂಪಕ್ಷರ ಎದ್ದಿತು. ಇನ್ನೂರೈವತ್ತು ಪದಗಳಿಗಿಂತ ಹೆಚ್ಚಾಯಿತು, ಕಡಿಮೆ ಮಾಡಿ ಎಂದು.

“ಮೊನ್ನೆ ಸರಿಯಿತ್ತಲ್ಲ!” ಎಂದಳು ದ್ರಾಕ್ಷಾಯಣಿ.

“ನಿನ್ನೆ ಎರಡು ಸಾಲು ಸೇರಿಸಿದೆ ಆಂಟಿ. ನೆರಳಿನ ಮರ ಪೂರಾ ಬೋಳಿಸಿದ ತೋಟದಲ್ಲಿ ಗೂಡು ಖಾಲಿಯಾಗಿದ್ದು. ಅದು ಬೇಕೇ ಬೇಕು.”

“ಹಂಗಾದ್ರೆ ಬೇರೆ ಕೊಂಬೆ ಕಡೀರಿ,” ಎಂದ ಧರ್ಮ. “ತೋಟದಲ್ಲಿ ಮರಗಸಿ ಮಾಡಲ್ವಾ? ಬಿಸಿಲು ಬೀಳೋಷ್ಟು ಕಡ್ಯದು, ಮರ ಸಾಯ್ಬಾರ್ದು.”

ಎಲ್ಲರೂ ಪರದೆಯ ಮೇಲೆ ಬಾಗಿದರು. ನವ್ಯಶ್ರೀ ಒಂದೊಂದೇ ಇಂಗ್ಲಿಷ್ ಸಾಲನ್ನು ಕನ್ನಡದಲ್ಲಿ ಹೇಳುತ್ತ ಹೋದಳು. “‘ಎಲ್ಲರಿಗೂ ತಿಳಿದಿರುವಂತೆ, ಪರಾಗಸ್ಪರ್ಶದಲ್ಲಿ ಜೇನ್ನೊಣಗಳ ಪಾತ್ರ ಅತ್ಯಂತ ಮಹತ್ವದ್ದಾಗಿದೆ ಎಂಬುದು ನಿರ್ವಿವಾದದ ಸಂಗತಿಯಾಗಿರುತ್ತದೆ.’”

“ಎಲ್ಲರಿಗೂ ತಿಳಿದಿದ್ರೆ ಬರೆಯೋದ್ಯಾಕೆ?” ಎಂದಳು ದ್ರಾಕ್ಷಾಯಣಿ.

ನವ್ಯಶ್ರೀ ಮೆಲ್ಲಗೆ ಮೇಷ್ಟ್ರ ಕಡೆ ನೋಡಿದಳು. ಮೇಷ್ಟ್ರು ಆಕಾಶ ನೋಡಿದರು.

“ಅದು ನಾನು ಸೇರಿಸಿದ ಸಾಲು,” ಎಂದರು ಕೊನೆಗೆ. “ಚೆನ್ನಾಗಿತ್ತು ಅಂದುಕೊಂಡಿದ್ದೆ.” ಒಂದು ನಿಟ್ಟುಸಿರು ಬಿಟ್ಟು, ತಾವೇ ಕೈ ಚಾಚಿ, ಆ ಸಾಲನ್ನು ಆರಿಸಿ, ಅಳಿಸಿಹಾಕಿದರು. ಇನ್ನೆರಡು ‘ಅತ್ಯಂತ’ಗಳನ್ನೂ ಒಂದು ‘ಪ್ರಪ್ರಥಮ’ವನ್ನೂ ಅವರೇ ಕಿತ್ತರು. ಕೆಂಪಕ್ಷರ ಹಸಿರಾಯಿತು. ಧರ್ಮ ಶಿಳ್ಳೆ ಹೊಡೆದ.

ಇದು ಸ್ವಂತ ಕೆಲಸ, ಬೇರೆಲ್ಲೂ ಪ್ರ‌ಕಟವಾಗಿಲ್ಲ ಎಂಬ ಚೌಕಕ್ಕೆ ನವ್ಯಶ್ರೀ ಸರಿ ಗುರುತು ಹಾಕಿದಳು. ಕೊನೆಯ ಗುಂಡಿಯ ಮೇಲೆ ಬೆರಳಿಟ್ಟು ಒಂದು ಗಳಿಗೆ ಕಣ್ಣು ಮುಚ್ಚಿದಳು.

“ಒತ್ತು ಮಗಾ,” ಎಂದಳು ತಾಯಮ್ಮ. “ಮೂರ್ ವರ್ಷ ನೀನ್ ಪಟ್ಟ ಪಾಡು. ಒತ್ತು.”

ಒತ್ತಿದಳು. ಪರದೆಯ ಮೇಲೆ ಚಕ್ರ ತಿರುಗಿತು. ತಿರುಗಿತು, ತಿರುಗಿತು, ನಿಂತಿತು. ಸಾರಾಂಶ ಸ್ವೀಕೃತವಾಗಿದೆ ಎಂದು ಬಂತು, ಜೊತೆಗೆ ಒಂದು ನೋಂದಣಿ ಸಂಖ್ಯೆ.

ಗಾಳಿಗುಡ್ಡದ ತಿರುವಿನಲ್ಲಿ ಅಂಥ ಕೇಕೆ ಹಿಂದೆಂದೂ ಎದ್ದಿರಲಾರದು. ಧರ್ಮ ಓಡಿಹೋಗಿ ಜೀಪಿನ ಹಾರ್ನ್ ಒತ್ತಿ ಹಿಡಿದ. ಮೇಷ್ಟ್ರು ಫೈಲನ್ನೇ ತಾಳ ಮಾಡಿಕೊಂಡರು. ನವ್ಯಶ್ರೀ ತಾಯಮ್ಮನನ್ನು ತಬ್ಬಿಕೊಂಡು ಕುಣಿದಳು. ತಾಯಮ್ಮ ಬಾಣಲೆಯಲ್ಲಿದ್ದ ಬೋಂಡವನ್ನೆಲ್ಲ ಎತ್ತಿ, “ತಿನ್ನಿ, ಇವತ್ತು ಯಾರ ಹತ್ರಾನೂ ಕಾಸು ಇಸ್ಕಳಾಕಿಲ್ಲ,” ಎಂದು ಹಂಚಿದಳು. ದ್ರಾಕ್ಷಾಯಣಿಯ ಕಣ್ಣು ಒದ್ದೆಯಾಯಿತು. ಮಕ್ಕಳಿಲ್ಲದ ಅವಳ ಮನೆಯಲ್ಲಿ ಈ ಹುಡುಗಿ ಬಂದ ದಿನವೇ ಹಬ್ಬ.

ಆದರೆ ಕಳ್ಳ ಸಿಕ್ಕಿರಲಿಲ್ಲ.

“ಕೇಳಿ ಇಲ್ಲಿ,” ಎಂದಳು ಅವಳು, ಕೈ ತಟ್ಟಿ. “ಪಾಸ್‌ವರ್ಡು ಅವನ ಹತ್ರ ಇನ್ನೂ ಇದೆ. ಸಾರಾಂಶ ಮತ್ತೆ ಬಂದಿದ್ದು ಅವನಿಗೂ ಕಾಣ್ಸುತ್ತೆ. ಕಂಡ್ರೆ ಸುಮ್ನೆ ಕೂರಲ್ಲ. ಫೋನ್ ಇಲ್ಲೇ ಮೇಯ್ತಾ ಇದೆ ಅಂತ್ಲೇ ಅವನು ಅಂದ್ಕೊಂಡಿರೋದು. ಮತ್ತೆ ನಂಬರ್ ಕೇಳ್ತಾನೆ.”

ಇದಕ್ಕಾಗಿಯೇ ಅವಳು ಪಾಸ್‌ವರ್ಡು ಬದಲಿಸಲು ಬಿಟ್ಟಿರಲಿಲ್ಲ. ಈ ಸಂಚನ್ನು ಯಾರಿಗೂ ಹೇಳಿರಲಿಲ್ಲ, ಮನೆಯಲ್ಲೂ. ಗಂಡ ಶಾಂತಮಲ್ಲಪ್ಪ ದಿನಸಿ ಅಂಗಡಿ ಮುಚ್ಚಿ ಮನೆಯಲ್ಲಿ ಆರಾಮವಾಗಿದ್ದ. ದೇವರಂಥ ಮನುಷ್ಯ, ಆದರೆ ಅವನ ಹೊಟ್ಟೆಯಲ್ಲಿ ಗುಟ್ಟು ನಿಲ್ಲುವುದಿಲ್ಲ. ಪಾಳ್ಯದಲ್ಲಿ ಗೃಹಪ್ರವೇಶ ಎಂದು ಸುಳ್ಳು ಹೇಳಿ ಹೊರಟರೆ, ಊಟ ತಡವಾದರೆ ಕಷ್ಟ ಎಂದು ಡಬ್ಬಿಗೆ ಕಡುಬು ತುಂಬಿಕೊಟ್ಟಿದ್ದ.

“ಅವ್ನು ಕೇಳಿದ್ರೆ ಬೇರೆ ನಂಬರ್ ಹೇಳ್ಬಿಡು ತಾಯಮ್ಮ. ಮಾತು ಬೆಳೆಸು. ನಾವು ದನಿ ಕೇಳಿಸ್ಕೋಬೇಕು.”

“ಸುಳ್ ನಂಬರಾ?” ತಾಯಮ್ಮ ಹಿಂದಕ್ಕೆ ಸರಿದಳು. “ನನ್ ಕೈಲಾಗಾಕಿಲ್ಲ ಅಮ್ಮಾರೇ. ಊರೋರು ನಂಬಿ ಫೋನ್ ಬುಟ್ಟವ್ರೆ. ಒಂದ್ಸಲ ಸುಳ್ ಓದಿದ್ರೆ ಆಮ್ಯಾಲೆ ನಾಲ್ಗೆ ಕೇಳಾಕಿಲ್ಲ.”

“ನನ್ ಜೀಪಿನ ನಂಬರ್ ಓದ್ಬುಡಕ್ಕ,” ಎಂದ ಧರ್ಮ. “ಅದೂ ನಾಕೇ ಅಂಕಿ. ಸರ್ಕಾರ ಕೊಟ್ಟಿದ್ದು. ಸುಳ್ಳೆಂಗಾಯ್ತದೆ?”

ತಾಯಮ್ಮ ಯೋಚಿಸಿದಳು. “ಅದಾಗ್ಬೌದು,” ಎಂದಳು.

ಕಾದರು. ಮೊರದಲ್ಲಿ ಉಳಿದ ಫೋನುಗಳು ಗುಂಯ್‌ಗುಟ್ಟುತ್ತಲೇ ಇದ್ದವು. ಕಾಫಿ ಮೂಟೆ ಹೊತ್ತ ಲಾರಿಯೊಂದು ನರಳುತ್ತ ಹತ್ತಿ ಹೋಯಿತು. ಮೇಷ್ಟ್ರು ಇನ್ನೊಂದು ಬೋಂಡವನ್ನು ಇಡಿಯಾಗಿ ಬಾಯಿಗಿಟ್ಟುಕೊಂಡರು. ಧರ್ಮ ಜೀಪಿಗೆ ಒರಗಿ ನಿಂತಿದ್ದ.

ಹಸಿರು ಕವರಿನ ಫೋನಿಗೆ ಮೊದಲು ಒಂದು ಮೆಸೇಜ್ ಬಂತು. ಹಿಂತೆಗೆಯಲು ಒಟಿಪಿ. ಅದರ ಬೆನ್ನಿಗೇ ಅದೇ ನಂಬರಿನಿಂದ ಕರೆ.

ದ್ರಾಕ್ಷಾಯಣಿ ತುಟಿಯ ಮೇಲೆ ಬೆರಳಿಟ್ಟಳು. ತಾಯಮ್ಮ ಸ್ಪೀಕರ್ ಒತ್ತಿ ಫೋನನ್ನು ಬೆಂಚಿನ ಮೇಲಿಟ್ಟಳು.

“ಹಲೋ. ನಾನಮ್ಮ, ಕಾಲೇಜಿನ ಯೋಗಾನಂದ ಮಾತನಾಡುತ್ತಿರುವುದು,” ಎಂದಿತು ಒಂದು ದಪ್ಪ ದನಿ.

ಬೆಂಚಿನ ಮೇಲಿದ್ದ ನಿಜವಾದ ಯೋಗಾನಂದ ಮೇಷ್ಟ್ರು ಬೋಂಡ ತುಂಬಿದ ಬಾಯನ್ನು ಹಾಗೇ ತೆರೆದುಕೊಂಡು ಕೂತರು. ಧರ್ಮ ಎರಡು ಕೈಯಿಂದಲೂ ಬಾಯಿ ಮುಚ್ಚಿಕೊಂಡು ಜೀಪಿನ ಹಿಂದೆ ಹೋಗಿ ಕುಕ್ಕರುಗಾಲಲ್ಲಿ ಕೂತ. ನಗೆ ತಡೆಯಲಾರದೆ ಅವನ ಬೆನ್ನು ಅದುರುತ್ತಿತ್ತು.

ಅನುಮಾನಕ್ಕಿದ್ದವರು ಇಬ್ಬರು. ಇಬ್ಬರೂ ಈಗ ದ್ರಾಕ್ಷಾಯಣಿಯ ಕಣ್ಣೆದುರೇ ಇದ್ದರು. ಅವಳಿಗೆ ಒಂದು ಕಡೆ ಖುಷಿ, ಇನ್ನೊಂದು ಕಡೆ ತಲೆ ಕೆರೆದುಕೊಳ್ಳುವ ಹಾಗಾಯಿತು. ಹಾಗಾದರೆ ಇವನ್ಯಾರು?

“ಹೇಳಿ ಸಾ,” ಎಂದಳು ತಾಯಮ್ಮ, ಜಾತ್ರೆಯಲ್ಲಿ ವೇಷ ಕಟ್ಟಿದವಳ ಗತ್ತಿನಲ್ಲಿ.

“ಇನ್ನೊಂದು ನಂಬರ್ ಬಂದಿರುತ್ತದೆ. ಸ್ವಲ್ಪ ಓದಮ್ಮ.”

ದನಿಯ ಹಿಂದೆ, ದೂರದಲ್ಲಿ, ಟಿಂಗ್ ಟಾಂಗ್ ಎಂದು ಗಂಟೆ ಬಾರಿಸಿತು. ಆಮೇಲೆ ಒಂದು ಹೆಣ್ಣುದನಿ, ಮಂಗಳೂರು ಕಡೆಯ ಗಾಡಿ, ಒಂದನೇ ಪ್ಲಾಟ್‌ಫಾರಂ. ದ್ರಾಕ್ಷಾಯಣಿ ನೆಟ್ಟಗೆ ಕೂತಳು. ದಿನಾ ಕೇಳುವ ಗಂಟೆ ಅದು, ಸಕಲೇಶಪುರ ಸ್ಟೇಷನ್ನಿನದು! ಕರೆ ಮಾಡುತ್ತಿರುವವನು ಸ್ಟೇಷನ್ನಿನ ಆಸುಪಾಸಿನಲ್ಲೇ ಇದ್ದಾನೆ. ಅವಳು ಬೆರಳಿನಿಂದ ರೈಲು ಓಡಿಸಿ ನವ್ಯಶ್ರೀಗೆ ತೋರಿಸಿದಳು. ಹುಡುಗಿ ಕಣ್ಣರಳಿಸಿ ತಲೆ ಆಡಿಸಿದಳು.

ತಾಯಮ್ಮ ಕಣ್ಣು ಕಿರಿದು ಮಾಡಿ, ಜೀಪಿನ ಮುಂಭಾಗ ನೋಡುತ್ತ, ಒಂದೊಂದೇ ಅಂಕಿ ಬಿಡಿಬಿಡಿಯಾಗಿ ಓದಿದಳು. ಆ ಕಡೆಯವನು ಒಂದೊಂದನ್ನೂ ತಿರುಗಿ ಹೇಳಿಕೊಂಡ. ಕೊನೆಯ ಅಂಕಿ ಬರೆದುಕೊಂಡಾದ ಮೇಲೆ ಅವನಿಗೆ ಎಷ್ಟು ನಿರಾಳವಾಯಿತೆಂದರೆ, ದಪ್ಪ ದನಿಯನ್ನೂ ಕಾಲೇಜಿನ ಕನ್ನಡವನ್ನೂ ಮರೆತೇಬಿಟ್ಟ.

“ಬದುಕಿಸ್ಬುಟ್ಟೆ ಕಣವ್ವ,” ಎಂದ. ಕರೆ ನಿಂತಿತು.

ಧರ್ಮ ಜೀಪಿನ ಹಿಂದಿನಿಂದ ಎದ್ದು ಬಂದು, “ನನ್ ಜೀಪಿನ ನಂಬರ್ ಬರ್ಕಂಡ! ಇನ್ಮುಂದೆ ಟೋಲಲ್ಲಿ ಅವ್ನೇ ಕಟ್ಲಿ!” ಎಂದು ಬಿದ್ದು ಬಿದ್ದು ನಕ್ಕ. ಮೇಷ್ಟ್ರು ಬೋಂಡ ನುಂಗಿ, “ನನ್ನ ದನಿ ಹಾಗಿದೆಯೇ? ಹಾಗಿದೆಯೇ?” ಎಂದು ಎಲ್ಲರನ್ನೂ ಕೇಳುತ್ತಿದ್ದರು.

ದ್ರಾಕ್ಷಾಯಣಿ ಮಾತ್ರ ಅಲುಗಲಿಲ್ಲ.

ಬೆಳಿಗ್ಗೆ ಕಾಫಿ ಲೋಟ ಕೈಗಿಟ್ಟಾಗ. ಹಾಸಿಗೆಯಡಿ ಬಿದ್ದ ಕನ್ನಡಕ ಹುಡುಕಿಕೊಟ್ಟಾಗ. ಬೆನ್ನಿನ ತುರಿಕೆಗೆ ಎರಡು ಸಲ ಕೆರೆದಾಗ. ಮದುವೆಯಾದಂದಿನಿಂದ ಇಂದಿನವರೆಗೆ ದಿನಕ್ಕೊಮ್ಮೆಯಾದರೂ ಆ ಮಾತನ್ನು ಅದೇ ದನಿಯಲ್ಲಿ, ಅದೇ ರಾಗದಲ್ಲಿ ಅವಳು ಕೇಳಿದ್ದಳು. ಭಾನುವಾರ ಮನೆಗೆ ಬಂದವರನ್ನೆಲ್ಲ ಅವಳು ಅನುಮಾನಿಸಿದ್ದಳು. ಮನೆಯಲ್ಲೇ ಇದ್ದವನನ್ನು ಒಂದು ಸಲವೂ ನೆನೆದಿರಲಿಲ್ಲ.

“ಗೊತ್ತಾಯ್ತಾ ಆಂಟಿ?” ನವ್ಯಶ್ರೀ ಅವಳ ತೋಳು ಹಿಡಿದು ಅಲುಗಿಸಿದಳು. ಹುಡುಗಿಯ ಮುಖ ನಗುವಿನಿಂದ ಕೆಂಪಾಗಿತ್ತು. “ಯಾರದು ದನಿ?”

ಸುಳ್ಳು ಹೇಳುವವರನ್ನು ಹಿಡಿಯುವುದೇ ದ್ರಾಕ್ಷಾಯಣಿಯ ಬದುಕಾಗಿತ್ತು.

“ಗೊತ್ತಾಗ್ಲಿಲ್ಲ ಕಣೇ,” ಎಂದಳು.

ತಾಯಮ್ಮ ಅವಳ ಮುಖವನ್ನೇ ನೋಡುತ್ತಿದ್ದಳು.

ಬೆಂಚಿನ ಮೇಲೆ ಫೋನು ಮತ್ತೆ ಬಡಿದುಕೊಂಡಿತು. ಅದೇ ನಂಬರು. ಜೀಪಿನ ನಂಬರಿಗೆ ವೆಬ್‌ಸೈಟು ಜಗ್ಗಿರಲಿಲ್ಲ.

ತಾಯಮ್ಮ ಕೈ ಚಾಚಿದಳು. ದ್ರಾಕ್ಷಾಯಣಿ, “ಬೇಡ, ಬಿಡು, ಎತ್ತಬೇಡ,” ಎಂದಳು. ಆದರೆ ನವ್ಯಶ್ರೀ ಆಗಲೇ ಎತ್ತಿಕೊಂಡಿದ್ದಳು.

“ಈ ಸಲ ನಾನೇ ಮಾತಾಡ್ತೀನಿ ಆಂಟಿ. ಮೂರು ವರ್ಷದ ಕೆಲಸ ನಂದು. ಯಾರು ಅಂತ ನಾನೇ ಕೇಳ್ತೀನಿ.” ಸ್ಪೀಕರ್ ಒತ್ತಿದಳು. “ಹಲೋ! ನಾನು ನವ್ಯಶ್ರೀ. ಯಾರ್ರೀ ನೀವು?”

ಈ ಸಲ ಬಂದ ದನಿಗೆ ಯಾವ ವೇಷವೂ ಇರಲಿಲ್ಲ.

“ನವ್ಯಾ, ನಾನು ಕಣವ್ವ, ನಿಮ್ಮಂಕಲ್ಲು. ನಿನ್ ಕಾಲಿಗ್ ಬೀಳ್ತೀನಿ ಮಗಾ, ಅದನ್ನ ವಾಪಸ್ ತಗಂಬುಡು. ನಿಮ್ಮಾಂಟಿಗೆ ಮಾತ್ರ ಹೇಳ್ಬೇಡ. ದೋಣಿಗಲ್ಲಿನ ಹಳಿ ಪಕ್ಕದ ಆ ಪೊಟರೆ ಮರದ ಗುರುತೇನಾದ್ರೂ ಅಚ್ಚಾಗ್ಬುಟ್ರೆ ಅವ್ಳು ಜೈಲಿಗೆ ಹೋಗ್ತಾಳೆ.”